ಮಜ್ಜಿಗೆಗೆ ಬೀಗ

ಫೆಬ್ರವರಿ 6

ಹನಿ ಮತ್ತೆ ಜಾರಿತು. ಎಷ್ಟನೇ ಮೂತಿ ಇದು, ಲೆಕ್ಕ ಬಿಟ್ಟಿದ್ದೇನೆ. ಬಗ್ಗಿಸಿದಾಗ ಎಣ್ಣೆ ಚೆನ್ನಾಗಿಯೇ ಸುರಿಯುತ್ತದೆ. ಬಾಟಲಿ ಎತ್ತಿದ ತಕ್ಷಣ ಕೊನೆಯ ಹನಿ ಹಿಂದಕ್ಕೆ ಬಂದು ಕತ್ತಿನ ಮೇಲೆ ಇಳಿಯುತ್ತದೆ. ನಾನು ಮುಚ್ಚಳ ವಿನ್ಯಾಸ ಮಾಡಿಕೊಡುವ ಹೊಸೂರಿನ ಕಂಪನಿಗೆ ಬೇಕಾಗಿರುವುದೇ ಹನಿ ಇಳಿಯದ ಮೂತಿ. ತುಟಿ ಇನ್ನೂ ಚೂಪು ಮಾಡಬೇಕು. ಮಾಡಿದರೆ ಅಚ್ಚಿನಿಂದ ಬಿಡಿಸುವಾಗ ಹರಿಯುತ್ತದೆ ಅಂತ ಅವರೇ ಬೊಬ್ಬೆ ಹೊಡೆಯುತ್ತಾರೆ.

ನಂಜನಗೂಡಿನ ಫ್ಯಾಕ್ಟರಿಯಲ್ಲಿದ್ದಾಗ ಜಗಳ ಆಡಲು ಎದುರಿಗೆ ಒಬ್ಬ ಸೂಪರ್‌ವೈಸರ್ ಆದರೂ ಇದ್ದ. ಇಲ್ಲಿ, ತಮಿಳುನಾಡಿನ ಗಡಿಯೊಳಗಿನ ಪಣಕಹಳ್ಳಿಯಲ್ಲಿ, ಜೋಳದ ಮೂಟೆಗಳ ಮಧ್ಯೆ ನಾನು, ಲ್ಯಾಪ್‌ಟಾಪು, ಪ್ರಿಂಟರು. ಪ್ಲಾಸ್ಟಿಕ್ ದಾರ ಕರಗಿಸಿ ಪದರ ಪದರವಾಗಿ ಮುಚ್ಚಳ ಕಟ್ಟುವ ಯಂತ್ರ. ಅತ್ತೆ ಅದನ್ನು ಜೇಡ ಅನ್ನುತ್ತಾರೆ. ಮಧ್ಯಾಹ್ನ ಕರೆಂಟು ಹೋಯಿತು, ಅರ್ಧ ಮುಚ್ಚಳ ಹಾಳು. ಇಬಿ ಆಫೀಸಿಗೆ ಫೋನ್ ಮಾಡಿದರೆ "ಸಾಯಂಗಾಲಂದಾನ್ ವರುಮ್ಮಾ" ಅಂತ ರಾಗ, ಸಂಜೆಗೇ ಬರುವುದಂತೆ.

ನಾಳಿದ್ದು ಶಿಲ್ಪಳನ್ನು ನೋಡಲು ತಾಳವಾಡಿಯಿಂದ ಬರುತ್ತಾರೆ. ಶಿಲ್ಪ ನನ್ನ ನಾದಿನಿ, ನನ್ನ ಗಂಡ ಮಧುವಿನ ತಂಗಿ. ಅತ್ತೆ ಈಗಲೇ ಲೋಟಗಳನ್ನು ಹುಣಸೆಹಣ್ಣು ಹಾಕಿ ಉಜ್ಜುತ್ತಿದ್ದಾರೆ.

ಫೆಬ್ರವರಿ 8, ಸಂಜೆ

ಬಂದರು. ಹೋದರು. ಒಬ್ಬರೂ ಲೋಟ ಮುಟ್ಟಲಿಲ್ಲ.

ಒಬ್ಬರಿಗೆ ಉಪವಾಸವಂತೆ. ಒಬ್ಬರಿಗೆ ಶುಗರ್. ಇನ್ನೊಬ್ಬರು "ಈಗ್ತಾನೆ ಕುಡ್ಕಂಡ್ ಬಂದೊ ಕಣವ್ವ" ಅಂದರು. ಸರಿ, ಕಾಫಿ ಬೇಡ. ಬಿಸಿಲಲ್ಲಿ ಬಂದವರಿಗೆ ನೀರೂ ಬೇಡವೇ? ಅತ್ತೆ ತುಂಬಿದ ಲೋಟಗಳನ್ನು ಒಳಗೆ ತೆಗೆದುಕೊಂಡು ಹೋದರು. ಮುಖದಲ್ಲಿ ಆಶ್ಚರ್ಯವೇ ಇಲ್ಲ. ಅದು ನನಗೆ ಸರಿ ಕಾಣಲಿಲ್ಲ.

ಯೋಚಿಸುತ್ತಾ ಕೂತೆ. ನಾನು ಈ ಮನೆಗೆ ಬಂದು ಎರಡು ವರ್ಷ. ಹೊರಗಿನವರು ಇಲ್ಲಿ ಒಂದು ಗುಟುಕು ಕುಡಿದದ್ದನ್ನು ನೋಡಿದ್ದೇನೆಯೇ? ಪಕ್ಕದ ಮನೆಯ ಪುಟ್ಟಗೌರಮ್ಮ ದಿನಾ ಜಗಲಿಯಲ್ಲಿ ನಿಂತು ಊರಿನ ವರದಿ ಒಪ್ಪಿಸುತ್ತಾರೆ, ಕಾಫಿ ಅಂದರೆ ಸಾಕು, ಒಲೆ ನೆನಪಾಗುತ್ತದೆ. ಸಂಕೋಚದ ಹೆಂಗಸು ಅಂದುಕೊಂಡಿದ್ದೆ. ಮಣ್ಣು!

ಮಧುವನ್ನು ಕೇಳಿದೆ. ಲಗೇಜ್ ಆಟೊ ತೊಳೆಯಬೇಕು ಅಂತ ಎದ್ದು ಹೋದ. ನಿನ್ನೆ ತಾನೇ ತೊಳೆದಿದ್ದ.

ಫೆಬ್ರವರಿ 9

ಮಧುವಿನ ಬಾಯಿ ಬಿಡಿಸಿದೆ. ಮದ್ದು.

ಈ ಸೀಮೆಯಲ್ಲಿ ಗೊತ್ತಿಲ್ಲದವರಿಲ್ಲ. ಆಗದವರು ಅನ್ನದಲ್ಲೋ ನೀರಲ್ಲೋ ಏನೋ ಬೆರೆಸಿ ಇಕ್ಕುತ್ತಾರೆ, ತಿಂದವರು ಸೊರಗಿ ಸೊರಗಿ ಒಣಗುತ್ತಾರೆ, ಮದ್ದು ತೆಗೆಯುವವನು ಸೊಪ್ಪಿನ ರಸ ಕುಡಿಸಿ ಕಕ್ಕಿಸುತ್ತಾನೆ. ನಮ್ಮೂರಲ್ಲೂ ಕೇಳಿದ್ದೆ, ನಕ್ಕಿದ್ದೆ. ಈಗ ನಾನೇ ಮದ್ದಿಕ್ಕುವವರ ಮನೆಯ ಸೊಸೆ.

ನಮ್ಮ ಹೊಲದ ಬದಿಯ ರುದ್ರಸ್ವಾಮಿ. ಮಧು ಹೈಸ್ಕೂಲಲ್ಲಿದ್ದಾಗ, ಒಂದು ಬಿಸಿಲ ದಿನ, ಅತ್ತೆಯ ಕೈಯಿಂದ ಮಜ್ಜಿಗೆ ಕುಡಿದನಂತೆ. ಆಮೇಲೆ ಹೊಟ್ಟೆನೋವು. ಕಕ್ಕಿಸಿದಾಗ ಕರೀ ಉಂಡೆ ಬಿತ್ತಂತೆ. "ಮಜ್ಜಿಗೇಲಿ ಬಂದದ್ದು" ಅಂತ ತೆಗೆದವನು ಹೇಳಿದನಂತೆ. ಮುಗಿಯಿತು. ಯಾರೂ ಮುಖದ ಮೇಲೆ ಅನ್ನುವುದಿಲ್ಲ. ಕುಡಿಯುವುದಿಲ್ಲ, ಅಷ್ಟೇ.

"ನನಗೆ ಯಾಕೆ ಹೇಳಲಿಲ್ಲ?" ಅಂದೆ.

"ಏಳಿದ್ರ ನೀ ನನ್ನ ಮದ್ವ ಆಯ್ತಿದ್ದಾ?"

ಶಿಲ್ಪಳಿಗೆ ಬಂದ ಸಂಬಂಧಗಳೆಲ್ಲ ಹೀಗೇ ತಪ್ಪಿವೆ. ಮನೆಯಲ್ಲಿ ನೀರು ಕುಡಿಯದವರು ಹೆಣ್ಣು ತೆಗೆದುಕೊಂಡು ಹೋಗುತ್ತಾರೆಯೇ?

ಆದರೆ ತಾಳವಾಡಿಯವರಿಗೆ ಹೇಳಿದ್ದು ಯಾರು? ಪುಟ್ಟಗೌರಮ್ಮ ಅವತ್ತು ಬೆಳಿಗ್ಗೆ ಬಸ್‌ಸ್ಟಾಪಿನಲ್ಲಿದ್ದರು. ಯಾವ ಬಸ್ಸೂ ಹತ್ತಲಿಲ್ಲ.

ಫೆಬ್ರವರಿ 12

ಪರೀಕ್ಷೆ ಮಾಡಿದೆ. ಪುಟ್ಟಗೌರಮ್ಮನ ಕೈ ಹಿಡಿದೇ ಎಳೆದೆ. "ಬನ್ನಿ, ಒಂದು ಲೋಟ ಕಾಫಿ ಕುಡಿದು ಹೋಗಿ."

"ಅಯ್ಯೋ ಬುಡವ್ವ, ಒಲ ಮ್ಯಾಲ ಎಸ್ರಿಟ್ಟು ಬಂದಿವ್ನಿ."

"ನೀರಾದರೂ..."

"ಬತ್ತಿನಿ ಬತ್ತಿನಿ. ಅಲ್ಲಾ, ಶಿಲ್ಪುನ್ನ ನೋಡಕ ಗುಮಟಾಪುರದೋರು ಬತ್ತಾರಂತಲ್ಲ? ಯಾವತ್ತು?"

ನಮ್ಮ ಮನೆಯವರಿಗೆ ನಿನ್ನೆ ಸಂಜೆ ತಿಳಿದ ವಿಷಯ. ಮುಖ ನೋಡಿದೆ. ಎಣ್ಣೆ ಹಚ್ಚಿದ ಹಾಗೆ ನುಣ್ಣಗಿತ್ತು. ಗೊತ್ತಿಲ್ಲ ಅಂದುಬಿಟ್ಟೆ.

ಮಾರ್ಚ್ 2ಕ್ಕೆ ಬರುತ್ತಾರೆ. ಹುಡುಗ ಬೀರೇಶ, ಫೋಟೋದಲ್ಲಿ ನಗು ಚೆನ್ನಾಗಿದೆ. ಶಿಲ್ಪ ಆ ಫೋಟೋ ನೋಡಿದ್ದನ್ನು ನಾನು ನೋಡಿದೆ. ಈ ಸಲ ತಪ್ಪಬಾರದು.

ನಾನು ಮಾಡುವ ಕೆಲಸವೇ ಇದಲ್ಲವೇ? ಒಳಗೆ ಯಾರೂ ಕೈ ಹಾಕಿಲ್ಲ ಅಂತ ತೋರಿಸುವ ಮುಚ್ಚಳ. ಇಷ್ಟು ದಿನ ಊರಿಗೆಲ್ಲ ಮಾಡಿದೆ. ಮನೆಗೆ ಮಾಡಲು ಏನು ಧಾಡಿ?

ಫೆಬ್ರವರಿ 15

ಮಧು ಸತ್ಯಮಂಗಲದಿಂದ ಖಾಲಿ ಜ್ಯೂಸ್ ಬಾಟಲಿ ತಂದ. ಸಣ್ಣವು, ಒಬ್ಬರಿಗೆ ಒಂದು. ನಾನು ಪ್ರಿಂಟರಿನಲ್ಲಿ ಮಾಡುವ ಮುಚ್ಚಳದ ಕೆಳಗೆ ಉಂಗುರ, ಎರಡರ ನಡುವೆ ಕೂದಲೆಳೆಯಷ್ಟು ಸಣ್ಣ ಎಳೆಗಳು. ಒಂದು ಸಲ ತಿರುಗಿಸಿದರೆ ಎಳೆ ಹರಿಯುತ್ತದೆ, ಮತ್ತೆ ಕೂಡುವುದಿಲ್ಲ. ಬಂದವರು ತಾವೇ ತಿರುಗಿಸಿ, ತಾವೇ ಹರಿದು ಕುಡಿಯಲಿ. ನೆರೆಯವರ ಮಾತು ಬಿಡಿ, ಬ್ರಹ್ಮನೇ ಬಂದು ಹೇಳಿದರೂ ನಂಬದವರು ಈ ಎಳೆಯನ್ನು ನಂಬುತ್ತಾರೆ.

"ಏನ್ ಮಗ ಇದು?" ಅಂತ ಅತ್ತೆ ಕೇಳಿದರು. ಕಂಪನಿ ಕೆಲಸ ಅಂದೆ.

ಫೆಬ್ರವರಿ 19, ಬೆಳಿಗ್ಗೆ

ನಿನ್ನೆ ಸಂಜೆ ಅತ್ತೆ ಕಡೆದ ಮಜ್ಜಿಗೆಯನ್ನು ಬಾಟಲಿಗಳಿಗೆ ತುಂಬಿ ಮುಚ್ಚಳ ಬಿಗಿದೆ. ಸೋರುತ್ತದೋ ನೋಡೋಣ ಅಂತ ಅಡುಗೆಮನೆಯ ಗೂಡಿನಲ್ಲಿ ಸಾಲಾಗಿ ಇಟ್ಟೆ.

ಈಗ ಒಂದರ ಉಂಗುರ ಹರಿದಿದೆ.

ಮಧು ಮುಟ್ಟಿಲ್ಲ. ಶಿಲ್ಪ ಮುಟ್ಟಿಲ್ಲ. ಅತ್ತೆ "ನಾನ್ಯಾಕ ಮುಟ್ಟಲವ್ವ ನಿನ್ನ ಕಂಪ್ನಿ ಸಾಮಾನ?" ಅಂದರು. ಮಜ್ಜಿಗೆ ಕಮ್ಮಿಯಾಗಿಲ್ಲ. ಕುಡಿಯಲು ತೆಗೆದದ್ದಲ್ಲ. ಹಾಗಾದರೆ ತೆಗೆದದ್ದು ಯಾಕೆ?

ನನಗಿಂತ ಮುಂಚೆ ಏಳುವವರು ಈ ಮನೆಯಲ್ಲಿ ಒಬ್ಬರೇ.

ಇದನ್ನು ಬರೆಯಬಾರದಿತ್ತು.

ಫೆಬ್ರವರಿ 20

ಅತ್ತೆಯ ಸೊಂಟದಲ್ಲಿ ಎಲೆ ಅಡಿಕೆ ಸಂಚಿ ಇರುತ್ತದೆ. ಮದುವೆಯಾದಂದಿನಿಂದ ನೋಡಿದ್ದೇನೆ. ಅದರೊಳಗೆ ಒಂದು ಒಳಜೇಬಿದೆ ಅನ್ನುವುದನ್ನು ಇವತ್ತು ನೋಡಿದೆ.

ಕಾಫಿ ಕೊಟ್ಟರು. ಹಿತ್ತಲಿಗೆ ತೆಗೆದುಕೊಂಡು ಹೋಗಿ ಕರಿಬೇವಿನ ಬುಡಕ್ಕೆ ಸುರಿದೆ. ಯಾಕೆ ಕುಡಿಯಲಿಲ್ಲ ಅಂತ ಮಧು ಕೇಳಿದ್ದಕ್ಕೆ ಅಸಿಡಿಟಿ ಅಂದೆ. ಅತ್ತೆಗೆ ಕೇಳಿಸಿತು. ಅರ್ಧ ಗಂಟೆಯಲ್ಲಿ ಜೀರಿಗೆ ಕಷಾಯ ಮಾಡಿಕೊಂಡು ಬಂದು ನಿಂತರು.

"ಕುಡಿ ಮಗ, ಬಿಸೀದಿದ್ದಂಗೆ. ಬೆಳ್ಳಗಾಗೋಗಿದ್ದೀಯ."

ಕರಿಬೇವಿಗೆ ಇವತ್ತು ಎರಡು ಊಟ.

ಫೆಬ್ರವರಿ 23

ಮತ್ತೊಂದು ಉಂಗುರ. ನಿನ್ನೆ ಹೊಸದಾಗಿ ತುಂಬಿಟ್ಟ ಸಾಲಿನದು.

ಮಧುವಿಗೆ ಹೊಟ್ಟೆನೋವು. ಕೋಸಿನ ಲೋಡು ಇಳಿಸಿ ಚಾಮರಾಜನಗರದ ಮಾರ್ಕೆಟ್ಟಿನಲ್ಲಿ ಬೋಂಡಾ ತಿಂದೆ ಅನ್ನುತ್ತಾನೆ. ಇರಬಹುದು. ಅತ್ತೆ ಅವನ ತಟ್ಟೆಗೆ ಸಾರು ಬಿಡುವಾಗ ನಾನು ಅವರ ಬೆರಳುಗಳನ್ನೇ ನೋಡುತ್ತಿದ್ದೆ. ಹೆತ್ತ ಮಗನಿಗೆ ಯಾವ ತಾಯಿ... ಥೂ, ಏನು ಯೋಚನೆ ಇದು. ಅಲ್ಲ, ಮತ್ತೆ ಆ ಉಂಗುರ ತಾನೇ ಹರಿಯಿತೇ? ಎಳೆ ತೆಳುವಾಯಿತು ಅನ್ನೋಣವೆಂದರೆ ಎಳೆದು ಎಳೆದು ನೋಡಿದ್ದೇನೆ. ಕೈಯ ಬಲ ಬೀಳದೆ ಹರಿಯುವುದಿಲ್ಲ.

ರುದ್ರಸ್ವಾಮಿ ಎದುರಿಗೆ ಸಿಕ್ಕಿದ. ನಮ್ಮ ಮನೆ ದಾಟುವಾಗ ಹೆಜ್ಜೆ ಜೋರು ಮಾಡಿದ. ವಿಷಯ ತಿಳಿದಾಗಿನಿಂದ ಇವನನ್ನು ಕಂಡರೆ ಮೈ ಉರಿಯುತ್ತಿತ್ತು. ಇವತ್ತು ನಿಲ್ಲಿಸಿ ಕೇಳೋಣ ಅನ್ನಿಸಿತು, ಆ ಮಜ್ಜಿಗೆ ಹೇಗಿತ್ತಪ್ಪ ಅಂತ.

ಫೆಬ್ರವರಿ 26, ಮಧ್ಯಾಹ್ನ

ಕಳ್ಳ ಸಿಕ್ಕಿದ.

ಅಡುಗೆಮನೆಯಲ್ಲಿ ಒಬ್ಬಳೇ ಬೀನ್ಸ್ ಮುರಿಯುತ್ತಿದ್ದೆ. ಟಪ್ ಅಂತ ಸದ್ದು. ತಲೆ ಎತ್ತಿದೆ. ಗೂಡಿನಲ್ಲಿ ಒಂದು ಮುಚ್ಚಳ ತಾನಾಗಿ ಮೇಲೆದ್ದು ಓರೆಯಾಗಿತ್ತು, ಎಳೆ ಹರಿದು ಉಂಗುರ ಜೋತುಬಿದ್ದಿತ್ತು. ಒಳಗೆ ಮಜ್ಜಿಗೆ ನೊರೆ ನೊರೆ. ಹುಳಿ ಏರಿದೆ, ಗಾಳಿ ಕಟ್ಟಿದೆ, ಮುಚ್ಚಳ ತಳ್ಳಿದೆ. ಅಷ್ಟೇ! ಫ್ಯಾಕ್ಟರಿಯಲ್ಲಿ ನೀರು ತುಂಬಿ ಟೆಸ್ಟ್ ಮಾಡುತ್ತಿದ್ದೆವು. ನೀರು ಸುಮ್ಮನಿರುತ್ತದೆ. ಮಜ್ಜಿಗೆ ಸುಮ್ಮನಿರುತ್ತದೆಯೇ? ಕತ್ತೆ ನಾನು, ಶುದ್ಧ ಕತ್ತೆ.

ನಕ್ಕೆ. ಆಮೇಲೆ ಅಳು ಬಂತು. ಅತ್ತೆಗೆ ಹೇಳೋಣವೆಂದು ಎದ್ದೆ. ಏನಂತ ಹೇಳಲಿ?

ಮುಚ್ಚಳದಲ್ಲಿ ಗಾಳಿಗೆ ತೂತು ಇಟ್ಟರೆ ಸರಿಹೋಗುತ್ತದೆ. ಆದರೆ ತೂತು ಕಂಡರೆ ಬಂದವರು ಬಿಡುತ್ತಾರೆಯೇ, ಅದರಿಂದಲೇ ಹಾಕಿದರು ಅಂತಾರೆ. ಬೇಡ. ಅವತ್ತಿನ ಮಜ್ಜಿಗೆ ಅವತ್ತೇ ತುಂಬುವುದು.

ಫೆಬ್ರವರಿ 27

ಬೆಳಿಗ್ಗೆ ಕಾಫಿ ಬಂತು. ಇವತ್ತು ಕುಡಿಯಬೇಕು ಅಂದುಕೊಂಡೇ ಎದ್ದಿದ್ದೆ. ತುಟಿಯವರೆಗೂ ತಂದೆ. ಹಾಗೇ ಕೆಳಗಿಟ್ಟೆ.

ಅಸಿಡಿಟಿ ಅಂದೆ.

ಮಾರ್ಚ್ 2, ಸಂಜೆ

ಇವತ್ತೇ ಬರೆದುಬಿಡುತ್ತೇನೆ. ನಾಳೆಗೆ ಬಿಟ್ಟರೆ ನನಗೆ ಅನುಕೂಲವಾಗುವ ಹಾಗೆ ಬರೆದುಕೊಳ್ಳುತ್ತೇನೆ.

ಬೀರೇಶ, ಅವನ ಅಪ್ಪ, ಸೋದರತ್ತೆ ನಂಜುಂಡಮ್ಮ, ಇನ್ನಿಬ್ಬರು. ಬಾಟಲಿಗಳನ್ನು ತಟ್ಟೆಯಲ್ಲಿ ಜೋಡಿಸಿ ತಂದಿಟ್ಟೆ. ನಂಜುಂಡಮ್ಮ ಒಂದನ್ನು ಎತ್ತಿ ತಿರುಗಿಸಿ ತಿರುಗಿಸಿ ನೋಡಿದರು.

"ಇದೇನವ್ವ, ಮನ ಮಜ್ಜಿಗಗ ಬೀಗ?"

"ನಾನೇ ಮಾಡಿದ ಮುಚ್ಚಳ. ನೀವೇ ತೆಗೆಯಬೇಕು. ಯಾರೂ ಕೈ ಹಾಕಿಲ್ಲ ಅಂತ ಈ ಉಂಗುರವೇ ಸಾಕ್ಷಿ."

"ಕೈ ಆಕವ್ರೆ ಅಂತ ನಾವೇನಾರ ಅಂದ್ವಾ?"

ಪಾಪ, ಅವರಿಗೆ ಏನೂ ಗೊತ್ತಿರಲಿಲ್ಲವೇನೋ. ಈಗ ಗೊತ್ತಾಯಿತು. ಹೇಳಿದವಳು ನಾನೇ. ಬೀರೇಶ ಬಾಟಲಿಗೆ ಕೈ ಚಾಚಿದ್ದ, ತನ್ನ ಸೋದರತ್ತೆಯ ಮುಖ ನೋಡಿ ಕೈ ಹಿಂದಕ್ಕೆ ತೆಗೆದ.

ಆಗ ನಮ್ಮ ಅತ್ತೆ ಒಳಗಿನಿಂದ ಚೊಂಬು ತಂದರು. ಮುಚ್ಚಳವಿಲ್ಲ, ಏನಿಲ್ಲ. ಲೋಟಕ್ಕೆ ಬಗ್ಗಿಸಿ ನನ್ನ ಕೈಗೆ ಕೊಟ್ಟರು.

"ಕುಡಿ ಮಗ. ಮೊದ್ಲು ನನ್ ಸೊಸ ಕುಡೀಲಿ, ಆಮೇಲ ನೀವು ಕುಡ್ಯೋರಂತೆ. ಎಲ್ಡು ವರ್ಷದಿಂದ ನನ್ನ ಕೈಲೇ ಉಣ್ತಾವಳ ಅವ."

ಎಷ್ಟು ಹೆಮ್ಮೆಯಿಂದ ಹೇಳಿದರು.

ಲೋಟ ತೆಗೆದುಕೊಂಡೆ. ಕುಡಿಯುವ ಮೊದಲು ಒಳಗೆ ನೋಡಿದೆ. ಬೇಕೆಂದು ನೋಡಿದ್ದಲ್ಲ. ಕಣ್ಣು ತಾನಾಗಿ ಹೋಯಿತು. ಕರಿಬೇವಿನ ಎಲೆ ತೇಲುತ್ತಿತ್ತು. ಅದರ ಅಡಿಯಲ್ಲಿ ಏನಿದೆ ಅಂತ ಲೋಟವನ್ನು ಒಂದಿಷ್ಟು ಓರೆ ಮಾಡಿದೆ. ಅಷ್ಟೇ. ಆಮೇಲೆ ಒಂದೇ ಉಸಿರಿಗೆ ಎಲ್ಲಾ ಕುಡಿದೆ, ಎಲ್ಲರಿಗೂ ಕಾಣುವ ಹಾಗೆ.

ನಂಜುಂಡಮ್ಮ ಅಷ್ಟರಲ್ಲಿ ಎದ್ದಿದ್ದರು.

"ಏಳ್ಲಾ ಬೀರೇಶ. ಸೊಸೇನೇ ನೋಡ್ಕಂಡ್ ಕುಡೀತಾವಳ."

ಮಾರ್ಚ್ 4

ಗುಮಟಾಪುರದಿಂದ ಫೋನ್ ಬಂತು. ಜಾತಕ ಕೂಡಲಿಲ್ಲವಂತೆ. ಜಾತಕ ಕೊಟ್ಟೇ ಇರಲಿಲ್ಲ.

ಶಿಲ್ಪ ಇವತ್ತು ಮಾತಾಡಿದಳು. ಕೂಗಾಡಿದ್ದರೆ ಚೆನ್ನಾಗಿತ್ತು. "ಊರೋರು ಕುಡೀದಿದ್ರ ಕುಡೀದೇ ಓಗ್ಲಿ ಬುಡತ್ಗೆ. ಅದು ನಂಗ ಅಭ್ಯಾಸ. ಅವ್ವ ನಿನ್ನ ನಂಬ್ಕಂಡು ಲೋಟ ಕೊಟ್ಲಲ್ಲ, ಆಗ ಯಾಕ ನೋಡ್ದೆ?"

ಪುಟ್ಟಗೌರಮ್ಮನ ಮೇಲೆ ಎಷ್ಟು ಕತ್ತಿ ಮಸೆದೆ ನಾನು. ಅವರು ಏನೂ ಮಾಡಬೇಕಾಗಲೇ ಇಲ್ಲ.

ಮಾರ್ಚ್ 11

ಹೊಸೂರಿನಿಂದ ಮೇಲ್ ಬಂದಿದೆ. ಎಣ್ಣೆಯ ಮೂತಿ ಒಪ್ಪಿಗೆಯಂತೆ, ಹನಿ ಇಳಿಯುವುದಿಲ್ಲವಂತೆ. ಸರಿ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಒಂದು ವಾರದಿಂದ ಅತ್ತೆ ನನಗೆ ಕಾಫಿ ಬೆರೆಸುತ್ತಿಲ್ಲ. ಹಾಲು ಒಂದು ಕಡೆ, ಡಿಕಾಕ್ಷನ್ ಒಂದು ಕಡೆ, ಸಕ್ಕರೆ ಡಬ್ಬ ಒಂದು ಕಡೆ ಇಟ್ಟು ಹೊಲಕ್ಕೆ ಹೋಗಿಬಿಡುತ್ತಾರೆ. ಊಟಕ್ಕೂ ನಾನೇ ಬಡಿಸಿಕೊಳ್ಳಬೇಕು. ಬೈಗುಳವಿಲ್ಲ, ಸಿಡುಕಿಲ್ಲ. ಬೆನ್ನು ನೋವು ಕಣವ್ವ ಅನ್ನುತ್ತಾರೆ, ನಾನು ಅಸಿಡಿಟಿ ಅಂದ ಹಾಗೆ.

ಇನ್ನು ತಡೆಯಲು ಆಗುವುದಿಲ್ಲ. ನಾಳೆ ಕೇಳುತ್ತೇನೆ.

ಮಾರ್ಚ್ 12, ಬೆಳಿಗ್ಗೆ 7

ಹೋಗಿ ಒಲೆಯ ಪಕ್ಕ ಕೂತೆ. "ಅತ್ತೆ, ನೀವೇ ಬೆರೆಸಿ ಒಂದು ಲೋಟ ಕಾಫಿ ಕೊಡಿ" ಅಂದೆ. ಹಾಲು ಕಾಸಿದರು, ಬೆರೆಸಿದರು, ಎತ್ತರದಿಂದ ಆಡಿಸಿ ನೊರೆ ಬರಿಸಿದರು. ಲೋಟ ನನ್ನ ಕಡೆಗೆ ಚಾಚಿದರು. ಹಾಗೆಯೇ ಕೈ ಹಿಂದಕ್ಕೆ ತೆಗೆದುಕೊಂಡು, ತಮ್ಮ ಅಂಗೈಗೆ ಒಂದಿಷ್ಟು ಬಗ್ಗಿಸಿಕೊಂಡು ಕುಡಿದರು. ಸುಡು ಸುಡು ಕಾಫಿ. ಕೈಯನ್ನು ಸೆರಗಿಗೆ ಒರೆಸಿಕೊಂಡು ಮತ್ತೆ ಚಾಚಿದರು.

"ತಕ್ಕೊ ಮಗ. ನೋಡ್ದಲ್ಲ."

ದನಿಯಲ್ಲಿ ಕೋಪ ಇರಲಿಲ್ಲ. ಹಾಗೆ ಮಾಡಬೇಡಿ ಅತ್ತೆ ಅನ್ನಬೇಕಿತ್ತು, ಕಾಲು ಹಿಡಿಯಬೇಕಿತ್ತು. ತೆಗೆದುಕೊಂಡು ಕುಡಿದೆ. ಎಷ್ಟು ದಿನದ ಮೇಲೆ! ಸಲೀಸಾಗಿ ಇಳಿಯಿತು. ಇವತ್ತು ಹೇಗೆ ಇಳಿಯಿತು ಅಂತ ಈಗ ಕೂತು ಯೋಚಿಸಿದರೆ... ಅವರು ಮೊದಲು ಕುಡಿದದ್ದನ್ನು ನಾನು ಕಣ್ಣಾರೆ ನೋಡಿದ್ದೆ, ಅದಕ್ಕೇ ನನಗೆ ಸಮಾಧಾನವಾಗಿತ್ತು.