ಮೇಲ್ಕೊಪ್ಪಲಿನ ಮಗಳು

ಜೂನ್ ೯, ಬೆಳಿಗ್ಗೆ
ಮತ್ತೆ ಹಾಲ್ ತುಂಬ ಜನ. ಬೋರ್‌ವೆಲ್, ವರ್ಗಾವಣೆ, ಬಿಕ್ಕೋಡಿನ ಬಸ್ಸು. ಮೇಲ್ಕೊಪ್ಪಲಿನವರು ಮಾತ್ರ ಇಲ್ಲ. ಎಂಎಲ್‌ಎ ಆಗಿ ಇದು ಎರಡನೇ ಅವಧಿ. ಯಗಚಿ ಹಿನ್ನೀರಿನ ಆ ನಡುಗಡ್ಡೆಯವರು ಒಂದು ದಿನವೂ ನನ್ನ ಬಾಗಿಲಿಗೆ ಬಂದಿಲ್ಲ.

ಮೊದಲ ಚುನಾವಣೆಗೆ ತೆಪ್ಪದಲ್ಲಿ ಹೋಗಿ, ಸೇತುವೆ ಮಾಡಿಸುತ್ತೇನೆ ಅಂದಿದ್ದೆ. ಊರಿನ ಹಿರಿಯಜ್ಜಿ ಗಿಡ್ಡಮ್ಮ ಅಕ್ಕಿ, ಕೊಬ್ಬರಿ, ಬೆಲ್ಲ, ಕುಪ್ಪಸದ ಬಟ್ಟೆ ಇಟ್ಟು ಮಡಿಲು ತುಂಬಿದರು. ಅಂದಿನಿಂದ ಊರ ಮಗಳು. ಮಗಳ ಮನೆಗೆ ಏನನ್ನೂ ಕೇಳಲು ಹೋಗಬಾರದಂತೆ. ಕಾನ್ವೆಂಟ್‌ನಲ್ಲಿ ಓದಿದವಳಿಗೆ ಆಗ ಅದು ಬರೀ ಪ್ರೀತಿಯಾಗಿ ಕಂಡಿತ್ತು.

ಜೂನ್ ೧೭
ಬೆಂಗಳೂರು. ಸಚಿವರ ಕೊಠಡಿ.
"ಅಷ್ಟು ಕಮ್ಮಿ ಜನಕ್ಕೆ ಸೇತುವೆ ಯಾಕಮ್ಮ? ಒಂದು ಧರಣಿ ಇಲ್ಲ, ಗಲಾಟೆ ಇಲ್ಲ. ಆ ದುಡ್ಡು ಹಳೇಬೀಡು ರಸ್ತೆಗೆ ಹೋಗ್ಲಿ. ಅಲ್ಲಿ ಟೂರಿಸ್ಟ್‌ಗಳು ದಿನಾ ಬೈಕೋತಾರೆ."
ತಿಂಗಳ ಕೊನೆಯವರೆಗೆ ಸೇತುವೆಯ ಫೈಲ್ ಮುಚ್ಚಬೇಡಿ ಅಂದೆ.
"ಗಲಾಟೆ ಮಾಡ್ಸಿ, ನೋಡೋಣ" — ನಕ್ಕರು.

ಜೂನ್ ೨೨
ಮೇಲ್ಕೊಪ್ಪಲು. ಗಿಡ್ಡಮ್ಮನ ಜಗಲಿಯಲ್ಲಿ ಊರೆಲ್ಲ ಸೇರಿತು. ಬೇಲೂರಿಗೆ ಬಂದು ನನ್ನ ಆಫೀಸ್ ಮುಂದೆ ಕೂತು ಧಿಕ್ಕಾರ ಕೂಗಿ ಅಂದೆ. ಟಿವಿಯವರನ್ನು ನಾನೇ ಕರೆಸುತ್ತೇನೆ.
"ಯಾರಿಗವ್ವ ಧಿಕ್ಕಾರ?" ಗಿಡ್ಡಮ್ಮನ ಮಗ ಕೆಂಚಪ್ಪ ಕೇಳಿದರು.
"ನನಗೆ."
"ಲೇ ಕೆಂಚ, ಕೇಳುಸ್ಕಂಡೇನ್ಲಾ? ಈಯಮ್ಮುಂಗೆ ಬಿಸ್ಲು ಹೊಡ್ದೈತೆ. ಮಜ್ಜಿಗೆ ತತ್ತಾ" ಅಂದರು ಗಿಡ್ಡಮ್ಮ.
ಎಲ್ಲರೂ ನಕ್ಕರು. ನಾನು ನಗಲಿಲ್ಲ. ನೀವು ಬೈಯದಿದ್ದರೆ ಸೇತುವೆ ಹೋಗುತ್ತದೆ ಅಂದೆ.
"ಮಡ್ಲು ತುಂಬ್ದ ಮಗಳ್ನ ಬೀದೀಲಿ ಬೈಯೋದಾ? ನಮ್ ಕೈಲಾಗಕ್ಕಿಲ್ಲ ಕಣವ್ವ" ಅಂದರು ಗಿಡ್ಡಮ್ಮ.
ಸರ್ಕಾರಕ್ಕೇ ಧಿಕ್ಕಾರ ಕೂಗಿ ಹಾಗಾದರೆ, ಅಂದೆ.
"ಸರ್ಕಾರ ಅಂದ್ರೂ ನೀನೇ ಅಲ್ವಾ?"
ಕೈ ಮುಗಿದೆ. ಮಜ್ಜಿಗೆ ಕೊಟ್ಟರು.

ಜುಲೈ ೨
ಫೈಲ್ ಮುಚ್ಚಿದರು. ಪಿಎ ಉದಯಕುಮಾರ್ ಹಳೇಬೀಡು ರಸ್ತೆಯ ಗುದ್ದಲಿ ಪೂಜೆಗೆ ಡೇಟ್ ಕೇಳಿದ. ಕೊಟ್ಟೆ. ರಾಜೀನಾಮೆ ಕೊಡಬಹುದಿತ್ತು. ಕೊಟ್ಟರೆ ಯಾರಿಗೆ ಏನು ಸಿಗುತ್ತದೆ? ಇದು ವಿವೇಕವೋ, ಕುರ್ಚಿಯ ಆಸೆಯೋ... ನನಗೇ ತಿಳಿಯದು.
ಕೆಂಚಪ್ಪನವರಿಗೆ ಫೋನ್ ಮಾಡಿದೆ. ಸೇತುವೆ ಬರುವುದಿಲ್ಲ ಅಂದೆ.
"ಹೋಗ್ಲಿ ಬಿಡವ್ವ. ಊಟ ಮಾಡ್ದ್ಯಾ?"

ಆಗಸ್ಟ್ ೧೯, ಮಧ್ಯಾಹ್ನ
ಗಿಡ್ಡಮ್ಮನ ಫೋನ್. ಮೊಮ್ಮಗ ಸಂತುವಿಗೆ ಗಂಡಸಿ ಊರಿನ ಹುಡುಗಿಯನ್ನು ನೋಡಿದ್ದಾರೆ. ನಡುಗಡ್ಡೆಗೆ ಯಾರೂ ಹೆಣ್ಣು ಕೊಡುವುದಿಲ್ಲ. ಇವರು ಒಪ್ಪಿದ್ದಾರೆ, ಸೇತುವೆ ಬರುವುದಾದರೆ ಮಾತ್ರ.
"ಬತ್ತೈತೆ ಅಂತ ಒಂದ್ ಮಾತು ಹೇಳವ್ವ. ನಿನ್ ಬಾಯಿಂದ ಬಂದ್ರೆ ನಂಬ್ತಾರೆ."
"ಬರಲ್ಲ ಅಂತ ನಿಮಗೆ ಗೊತ್ತಲ್ಲ, ಗಿಡ್ಡಮ್ಮ."
"ನಂಗ್ ಗೊತ್ತು. ಅವ್ರಿಗ್ ಗೊತ್ತಿಲ್ವಲ್ಲ."
ಇಷ್ಟು ವರ್ಷದಲ್ಲಿ ಅವರು ನನ್ನನ್ನು ಕೇಳಿದ್ದು ಇದೊಂದೇ. ನಾನು ಏನಾದರೂ ಹೇಳುವ ಮೊದಲೇ ಫೋನ್ ಕೈ ಬದಲಾಯಿಸಿತು. ಹುಡುಗಿಯ ಅಪ್ಪ.
"ನಮಸ್ಕಾರ ಮೇಡಮ್. ಸೇತುವೆ ಗ್ಯಾರಂಟಿ ತಾನೇ? ನಮ್ ಹುಡುಗಿಗೆ ನೀರು ಅಂದ್ರೆ ಭಯ."
ಗ್ಯಾರಂಟಿ, ಅಂದೆ.
ಆ ಕಡೆ ಯಾರೋ ಸಕ್ಕರೆ ಹಂಚಿ ಅಂದದ್ದು ಕೇಳಿಸಿತು.
ಹುಡುಗಿಯ ಹೆಸರನ್ನೂ ಕೇಳಲಿಲ್ಲ. ಈಗಲೂ ತಿರುಗಿ ಫೋನ್ ಮಾಡಿ ನಿಜ ಹೇಳಬಹುದು. ಹೇಳಿದರೆ ಸಂತುವಿನ ಮದುವೆ... ಹೇಳದಿದ್ದರೆ ಅವಳು, ಮದುವೆಯ ಸೀರೆಯಲ್ಲಿ, ತೆಪ್ಪ ಹತ್ತುವಾಗ—