ಕಟ್ಟಬೇಕಿಲ್ಲದ ತೆರಿಗೆಗಾಗಿ ನೀವು ತಡೆದಿಟ್ಟ ಅತಿಥಿ

ಮಾನ್ಯ ತೆರಿಗೆ ಅಧಿಕಾರಿಗಳೇ,

ಲಂಕೆಯಿಂದ ಕೆಲಸ ಕಲಿಯಲು ಬಂದಿದ್ದ ಸೋಮಪಾಲನನ್ನು ನೀವು ಊರಿಗೆ ಹೋಗಗೊಡದೆ ಹಿಡಿದಿಟ್ಟಿರಿ. ಕೊನೆಗೆ, ಅವನು ಕಟ್ಟಬೇಕಾದ ತೆರಿಗೆ ಏನೂ ಇಲ್ಲವೆಂದು ಬರೆದುಕೊಟ್ಟಿರಿ. ಈ ನಡುವೆ ಅವನು ಕಳೆದುಕೊಂಡದ್ದರಲ್ಲಿ ನನ್ನ ಕೈಯೂ ಇದೆ. ಆದ್ದರಿಂದಲೇ ನಿಮ್ಮ ಕಚೇರಿಯ ಬಾಗಿಲಲ್ಲಿ ನಿಂತು ಪಿಸುಗುಡದೆ, ಪತ್ರಿಕೆಯಲ್ಲಿ ಎಲ್ಲರೆದುರು ಬರೆಯುತ್ತಿದ್ದೇನೆ.

ನಾನು ಹುಮನಾಬಾದಿನಲ್ಲಿ ಎಣ್ಣೆ ಇಂಜಿನ್ ರಿಪೇರಿ ಮಾಡುವವನು. ಹೋದ ವರ್ಷ, 1974ರ ದೀಪಾವಳಿಯ ನಂತರ, ಎರಡು ದೇಶಗಳ ಸಹಕಾರ ಸಂಘಗಳು ಮಾಡಿಕೊಂಡ ಒಪ್ಪಂದದಂತೆ ಸೋಮಪಾಲ ನನ್ನ ಅಂಗಡಿಗೆ ಬಂದ. ಊಟ, ವಸತಿ ನಮ್ಮ ಮನೆಯಲ್ಲಿ. ಕೈಖರ್ಚಿಗೆ ಸಂಘದ ಭತ್ಯೆ. ಸಂಕ್ರಾಂತಿಯ ಹೊತ್ತಿಗೆ ನಮ್ಮ ಮಾತನ್ನೂ ಕಲಿತ. ನೆರೆಯ ಮಂಠಾಳ ಹಳ್ಳಿಯವನೆಂದು ಹೇಳಿಕೊಂಡಿದ್ದರೆ ಮಂಠಾಳದವರೇ ನಂಬುತ್ತಿದ್ದರು. ಅಲ್ಲಿಯ ಬಾವಿಗಳ ಮೇಲಿನ ಇಂಜಿನ್‌ಗಳು ಕೆಟ್ಟಾಗ ರೈತರು ನನ್ನನ್ನು ಬಿಟ್ಟು ಅವನನ್ನೇ ಕರೆಯುವಂತಾಯಿತು. ಕೂಲಿ ಮಾತ್ರ ನನ್ನ ಜೇಬಿಗೆ ಬರುತ್ತಿತ್ತು.

ನನ್ನ ಹೆಂಡತಿ ತುಳಜಾಬಾಯಿಗೆ ಇದನ್ನು ಸಹಿಸಲಾಗಲಿಲ್ಲ. "ಮಂದಿ ಮಗನ ಕಡಿಂದ ಬಿಟ್ಟಿ ದುಡಸ್ಕೊಳ್ಳಾಕತ್ತೀರಿ, ನಾಚಿಕಿ ಬರಂಗಿಲ್ಲೇನ್ರಿ? ಅವನ ಹೇಣ್ತಿ ಬಸರಿ ಅದಾಳ. ಏನರ ಕೈಯಾಗಿಡ್ರಿ," ಎಂದಳು.

ಸೋಮಪಾಲ ಒಪ್ಪಲಿಲ್ಲ. "ನಾ ಕಲ್ಯಾಕ ಬಂದೀನಿ ಅಣ್ಣಾರ, ಪಗಾರಕ್ಕಲ್ಲ." ನಾನು ಒತ್ತಾಯದಿಂದ ಹಣವನ್ನು ಅವನ ಅಂಗಿಯ ಜೇಬಿಗೆ ತುರುಕಿದೆ. ಪ್ರತಿ ವಾರ ತುರುಕಿದೆ. ಗಮನಿಸಿ ಮಾನ್ಯರೇ, ಅಪರಾಧ ನಡೆದದ್ದು ಇಲ್ಲಿಯೇ.

ಫಾಲ್ಗುಣದಲ್ಲಿ ತಂತಿ ಬಂತು. ದಿನ ತುಂಬುವ ಮೊದಲೇ ಹೆರಿಗೆಯಾಗಿದೆ, ಹೆಣ್ಣು ಮಗು, ಬಹಳ ಅಶಕ್ತವಾಗಿದೆ, ಕೂಡಲೇ ಹೊರಡು ಎಂದು. ರಾಮೇಶ್ವರದಲ್ಲಿ ಹಡಗು ಹತ್ತಬೇಕಾದರೆ ತೆರಿಗೆ ಬಾಕಿಯಿಲ್ಲವೆಂಬ ನಿಮ್ಮ ಪ್ರಮಾಣಪತ್ರ ಬೇಕೆಂದು ನಮಗೆ ಗೊತ್ತಾದದ್ದೇ ಆಗ. ನೀವು ಬಸವಕಲ್ಯಾಣದ ಪ್ರವಾಸಿ ಬಂಗಲೆಯಲ್ಲಿ ಮೊಕ್ಕಾಂ ಮಾಡಿದ್ದೀರೆಂದು ಕೇಳಿ ಇಬ್ಬರೂ ಮೊದಲ ಬಸ್ಸಿಗೇ ಬಂದೆವು.

ಭತ್ಯೆಯ ಬಗ್ಗೆ ನಿಮ್ಮ ತಕರಾರಿರಲಿಲ್ಲ. ಬೇರೇನಾದರೂ ಪಡೆದಿದ್ದಾನೆಯೇ ಎಂದು ಕೇಳಿದಿರಿ. ನಾನು ಹೆಮ್ಮೆಯಿಂದಲೇ ಪಗಾರದ ಮಾತು ಹೇಳಿದೆ.

"ಭತ್ಯೆ ಕೊಟ್ಟರೆ ಅದು ಕಲಿಕೆಗೆ. ಪಗಾರ ಕೊಟ್ಟರೆ ಅದು ಆದಾಯ. ವಿಚಾರಣೆ ಆಗಬೇಕು," ಎಂದಿರಿ.

"ಸಾಹೇಬ್ರ, ತೆರಿಗಿ ಎಷ್ಟ್ ಬಂದ್ರೂ ನಾ ತುಂಬ್ತೀನ್ರಿ. ಅವನ ಕೂಸು ಭಾಳ ನಾಜೂಕ್ ಅದರಿ. ಇವತ್ತ ಬಿಡ್ರಿ."

"ದುಡ್ಡು ಕೊಟ್ಟವರೇ ನೀವು. ನಿಮ್ಮ ಜಾಮೀನನ್ನು ಹೇಗೆ ಒಪ್ಪಲಿ?" ಆಮೇಲೆ ಅವನ ಕಡೆ ತಿರುಗಿದಿರಿ: "ತೆರಿಗೆ ಕಟ್ಟದೆಯೇ ಸಮುದ್ರ ದಾಟುವ ವಿಚಾರವಿತ್ತೋ?"

ಸೋಮಪಾಲ ತಲೆ ತಗ್ಗಿಸಿದ. ಮರಳುವ ಬಸ್ಸಿನಲ್ಲಿ ಹೇಳಿದ: "ಅಣ್ಣಾರ, ಆ ರೊಕ್ಕ ನಾ ತಗೋಬಾರದಿತ್ತು. ತಪ್ಪು ನಂದ."

ಅವನದೇ ತಪ್ಪೆಂದು ಅವನು ನಂಬಿಬಿಟ್ಟಿದ್ದ! ಇಂಜಿನ್ನಿನ ಒಂದು ಬಿಡಿಭಾಗ ಕೊಳ್ಳಲು ಅಂಗಡಿ ಅಂಗಡಿ ಅಲೆದು ವಿಚಾರಿಸುವ ನಾನು, ಪರದೇಶದವನ ಜೇಬಿಗೆ ಹಣ ಹಾಕುವ ಮುಂಚೆ ಯಾರನ್ನಾದರೂ ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ಉಪಕಾರ ಮಾಡುತ್ತಿದ್ದೇನೆಂಬ ಉಬ್ಬಿನಲ್ಲಿದ್ದೆ. ಆದರೆ ಒಪ್ಪಂದಕ್ಕೆ ಮೊಹರು ಒತ್ತಿದ ನಿಮ್ಮ ಸರ್ಕಾರ, ಅವನು ಬಂದಿಳಿದ ದಿನವೇ ಈ ನಿಯಮವನ್ನು ಹೇಳಬಾರದಿತ್ತೇ? ಬರುವಾಗ ಹಾರ ಹಾಕಿ, ಹೋಗುವಾಗ ಜೇಬು ತಡಕುವುದು ಯಾವ ಆತಿಥ್ಯ? ಒಬ್ಬ ಕೆಲಸಗಾರನ ಅಲ್ಪ ಪಗಾರ ತೆರಿಗೆಯ ಮಿತಿಗೆ ಸಮೀಪವೂ ಇಲ್ಲವೆಂಬುದನ್ನು ಅರಿಯಲು ನಿಮ್ಮಂಥ ವಿದ್ಯಾವಂತರಿಗೆ ಅಷ್ಟು ವಾರಗಳೇ ಬೇಕಾದವೇ?

ಯುಗಾದಿ ಕಳೆದ ಮೇಲೆ ಪ್ರಮಾಣಪತ್ರ ಬಂತು. ಅವನು ಊರು ಮುಟ್ಟುವಷ್ಟರಲ್ಲಿ ಮಗುವನ್ನು ಮಣ್ಣು ಮಾಡಿಯಾಗಿತ್ತು. ತಂದೆ ಮಗಳ ಮುಖ ನೋಡಲಿಲ್ಲ. ಸುದ್ದಿ ಕೇಳಿದ ತುಳಜಾಬಾಯಿ ಒಲೆ ಹಚ್ಚದೆ ಕೂತಳು. "ರೊಕ್ಕ ಕೊಡ್ರಿ ಅಂತ ನಾನರ ಯಾಕ ಅಂದ್ನೋ," ಎಂದಳು.

ಹೀಗೆ ಬಂದು ದುಡಿದು ಕಲಿಯುವವರಿಗೆ ತೆರಿಗೆಯ ನಿಯಮವನ್ನು ಮೊದಲ ದಿನವೇ ತಿಳಿಸಿರಿ. ಅವಸರದಲ್ಲಿ ಹೊರಡುವವರಿಗಾಗಿ, ಅವರಿಗೆ ಮನೆಯಲ್ಲಿ ಆಶ್ರಯ ಕೊಟ್ಟವರ ಜಾಮೀನನ್ನು ಒಪ್ಪಿರಿ. ಇವು ಕಚೇರಿಗೆ ನನ್ನ ಬೇಡಿಕೆಗಳು. ಇನ್ನೊಂದು ನಿಮಗೇ. ಸೋಮಪಾಲ ಮೊನ್ನೆ ಬರೆದ ಕಾಗದದಲ್ಲಿ, "ನಿಮ್ಮ ಸರ್ಕಾರಕ್ಕೆ ನನ್ನ ಮ್ಯಾಲ ಇನ್ನೂ ಸಿಟ್ಟು ಅದ ಏನ್ರಿ?" ಎಂದು ಕೇಳಿದ್ದಾನೆ. ಇಲ್ಲವೆಂದು ನಾನು ಬರೆದರೆ ನಂಬುವುದಿಲ್ಲ. ನೀನು ಯಾವ ತಪ್ಪೂ ಮಾಡಿಲ್ಲವೆಂದು ನೀವೇ ಅವನಿಗೆ ಬರೆಯಿರಿ.

ಇಂತಿ,
ಕೈ ಹಿಡಿಯಲು ಹೋಗಿ ಕಾಲಿಗೆ ತೊಡರಿದ,
ಮಹಾರುದ್ರಪ್ಪ
ಹುಮನಾಬಾದ್