ಕೊಡಲು ಬಾರದ ಕುಸ್ತಿ ಆಟ

ಗೆಳೆಯಾ ಗುರಪ್ಪ,

ಈ ಕಾಗದ ನಿನ್ನ ಕೈಗೆ ಮುಟ್ಟುವುದಿಲ್ಲ ಅಂತ ನನಗೂ ಗೊತ್ತು. ಹುಚ್ಚ ಅನ್ನುವವರು ಅನ್ನಲಿ. ನಾಲ್ಕನೇ ಇಯತ್ತೆಗೇ ಸಾಲಿ ಬಿಟ್ಟವನು ನಾನು. ಅಕ್ಷರ ಸೊಟ್ಟಗಿದ್ದರೆ ನೀನೇ ನೆಟ್ಟಗೆ ಮಾಡಿಕೊಂಡು ಓದು. ನೀನು ಹೋದ ಮೇಲೆ ಒಂದು ಸುದ್ದಿಯಾಗಿದೆ. ನಿನಗೆ ಹೇಳದೆ ಮತ್ತೆ ಯಾರಿಗೆ ಹೇಳಲಿ?

ನನ್ನ ಮನೆಗೆ ಮೊದಲ ಜಕಾರ್ಡ್ ಮಗ್ಗ ಬಂದ ದಿನ ನೆನಪಿದೆಯಾ? ಮಗ್ಗ ಬಂತು, ಸೆರಗಿಗೆ ಡಿಸೈನ್ ಎಲ್ಲಿತ್ತು? ಬನಹಟ್ಟಿಯಲ್ಲಿ ನಾನು ಕೇಳಿದ ಒಬ್ಬನೂ ತನ್ನ ಡಿಸೈನಿನ ಕಾರ್ಡ್ ಕೊಡಲಿಲ್ಲ. ನೀನು ರಬಕವಿಯಿಂದ ಸೈಕಲ್ ತುಳಿದುಕೊಂಡು ಬಂದೆ. ಹಿಂದೆ ಕ್ಯಾರಿಯರಿನಲ್ಲಿ ನೀನೇ ತೂತು ಕೊರೆದ ರಟ್ಟಿನ ಕಾರ್ಡುಗಳ ಕಟ್ಟು.

"ತಗೋಳಲೇ ಬಸ್ಯಾ, ನವಿಲಿನ ಸೆರಗು. ನೇಯ್ದು ಮುಗದ ಮ್ಯಾಲ ತಂದು ಕೊಡು. ಬಾಡಗಿ ಗೀಡಗಿ ಅಂದ್ರ ಒದೀತೇನಿ ನೋಡು."

ಆ ಕಾರ್ಡಿನ ಕಟ್ಟಿಗೆ ನೀನು ಒಂದು ರಟ್ಟಿನ ಚೀಟಿ ಕಟ್ಟಿದ್ದೆ. ಅದರಲ್ಲಿ ಮೂರು ಸಾಲು: ಕೊಟ್ಟವನು ಯಾರು, ಒಯ್ದವನು ಯಾರು, ವಾಪಸು ಬಂತೋ ಇಲ್ಲವೋ. ಆವತ್ತಿನಿಂದ ನಮ್ಮಿಬ್ಬರ ನಡುವಿನ ಚೀಟಿಗಳಲ್ಲೆಲ್ಲ ಕೊಟ್ಟವನು ಗುರಪ್ಪ, ಒಯ್ದವನು ಬಸಪ್ಪ. ಒಂದು ಸಲವಾದರೂ ಅದು ಉಲ್ಟಾ ಆಗಲಿ ಅಂತ ನಾನು ಎಷ್ಟು ವರ್ಷ ಕಾದೆ, ನಿನಗೆಲ್ಲಿ ಗೊತ್ತು?

ನಿನ್ನ ಮೊಣಕಾಲಿನ ಆಪರೇಶನ್ ಆದಾಗ ಮಾತಾಡಿಸಲು ಬಂದಿದ್ದೆ. ಜಮಖಂಡಿಯಲ್ಲಿ ಟೀಚರ್ ಆಗಿರುವ ನಿನ್ನ ಮಗಳು ಸುನಂದಾ, ಅಪ್ಪನಿಗೆ ಹೊತ್ತು ಹೋಗಲಿ ಅಂತ ಟೀವಿಗೆ ಹಚ್ಚುವ ಆಟದ ಪೆಟ್ಟಿಗೆ ತಂದಿಟ್ಟಿದ್ದಳು. ನೀನು ಮಂಚದ ಮೇಲೆ ಕೂತು, ಕೈಯಲ್ಲಿ ರಿಮೋಟ್ ಹಿಡಿದು, ಟೀವಿಯೊಳಗಿನ ಕಾರು ಹೊರಳಿದಾಗಲೆಲ್ಲ ನೀನೂ ಹೊರಳುತ್ತಿದ್ದೆ.

"ಕಾಲ ಮುರದ್ರೂ ಹುಡುಗಾಟ ಬಿಡಲಿಲ್ಲಲ್ಲೋ" ಅಂದೆ.

"ಬಾಯಿ ಮುಚ್ಚು, ಗಾಡಿ ಹೊಡಿ" ಅಂತ ಇನ್ನೊಂದು ರಿಮೋಟ್ ನನ್ನ ತೊಡೆಯ ಮೇಲೆ ಎಸೆದೆ.

ಐದು ಸಲ ನನ್ನ ಕಾರು ಹಳ್ಳಕ್ಕೆ ಬಿತ್ತು. ಸಿಟ್ಟು ನೆತ್ತಿಗೇರಿತು. ಮುಂದಿನ ವಾರವೇ ಮಹಾಲಿಂಗಪುರದ ಅಂಗಡಿಯಿಂದ, ಯಾರೋ ಆಡಿ ಮಾರಿ ಹೋದ ಹಳೆಯ ಪೆಟ್ಟಿಗೆ ತಂದೆ. ನೀನು ನಿನ್ನ ಕಾರಿನ ಆಟದ ಡಿಸ್ಕ್ ಕೊಟ್ಟೆ. ಡಬ್ಬಿ ತೆರೆದರೆ ಒಳಗೆ ಅದೇ ಚೀಟಿ! ಕೊಟ್ಟವನು ಗುರಪ್ಪ, ಒಯ್ದವನು...

ಹಾಗಾಗಿಯೇ ಅದೇ ಅಂಗಡಿಯಿಂದ ಆ ಕುಸ್ತಿ ಆಟ ತಂದದ್ದು. ಹರೆಯದಲ್ಲಿ ಗರಡಿಯ ಮಣ್ಣು ಮೈಗೆ ಮೆತ್ತಿಕೊಂಡವನು ನೀನು. ಮೊದಲು ನಾನು ಆಡುವುದು, ಆಮೇಲೆ ನಿನಗೆ ಕೊಡುವುದು ಅಂತ ಲೆಕ್ಕ. ಹೊಸ ಡಬ್ಬಿ ಒಡೆದರೆ ಒಳಗೆ ಡಿಸ್ಕ್ ಇಲ್ಲ. ಅಂಕಿ ಬರೆದ ಒಂದು ಕಾಗದ, ಅಷ್ಟೇ. ಬೇರೆ ಯಾರಾದರೂ ಆಗಿದ್ದರೆ ಸಂಶಯಪಡುತ್ತಿದ್ದರು. ನಾನು ನೇಕಾರ. ರಟ್ಟಿನಲ್ಲಿ ತೂತಿದ್ದರೆ ಸೆರಗಿಗೆ ನವಿಲು ಇಳಿಯುತ್ತದೆ. ಕಾಗದದಲ್ಲಿ ಅಂಕಿ ಇದ್ದರೆ ಟೀವಿಗೆ ಪೈಲ್ವಾನ ಇಳಿಯುವುದಿಲ್ಲವೇ? ಸೊಸೆ ಅಂಕಿ ಒತ್ತಿಕೊಟ್ಟಳು. ನೆಟ್ಟಿನಲ್ಲಿ ಇಳಿದು ಇಳಿದು, ಎರಡು ದಿನಕ್ಕೆ ಪೈಲ್ವಾನರು ಬಂದು ನಿಂತರು. ನಾಲ್ಕು ಪಟ್ಟು ಕಲಿತೆ. ಆಮೇಲೆ ಆ ಕಾಗದವನ್ನು ಸುಕ್ಕಾಗದಂತೆ ಡಬ್ಬಿಯಲ್ಲಿಟ್ಟು, ಸೊಸೆಗೂ ಹೇಳದೆ, ನಿನಗೆ ತಂದುಕೊಟ್ಟೆ. ಎದೆ ಉಬ್ಬಿಸಿಕೊಂಡು ಮನೆಗೆ ಬಂದೆ.

ಮರುದಿನ ನಿನ್ನ ಫೋನು. "ಲೇ ಬಸ್ಯಾ, ಖಾಲಿ ಡಬ್ಬಿ ಕೊಟ್ಟು ಮಶ್ಕಿರಿ ಮಾಡಾಕತ್ತೀಯೇನು? ಈ ಅಂಕಿ ಆಗಲೇ ಬಳಸ್ಯಾರ ಅಂತ ಟೀವಿ ಹೇಳಾಕತ್ತೈತಿ!"

"ಸಾವಿರ ಸೀರಿ ನೇಯ್ದ್ರೂ ಕಾರ್ಡ್ ಖರ್ಚ ಆಗಂಗಿಲ್ಲ. ನಿನಗ ಒತ್ತಾಕ ಬರಂಗಿಲ್ಲ, ಅಷ್ಟ!" ಅಂತ ಫೋನ್ ಕುಕ್ಕಿದೆ.

ಮಹಾಲಿಂಗಪುರದ ಅಂಗಡಿಗೆ ಹೋಗಿ ಕೂಗಾಡಿದ್ದನ್ನು ನಿನಗೆ ಪೂರ್ತಿ ಹೇಳಿರಲಿಲ್ಲ. ಆ ಅಂಗಡಿಯ ಹೆಣ್ಣುಮಗಳು ಜಗ್ಗಲಿಲ್ಲ ಮಾರಾಯ.

"ಅಜ್ಜಾರ, ಆ ಆಟ ನಿಮ್ಮ ಖಾತೆಗಿ ಸೇರಿಬಿಟ್ಟೈತ್ರಿ. ಇನ್ನ ಆ ಕಾಗದ ಯಾರಿಗಿ ಕೊಟ್ಟರೂ ನಡ್ಯಾಂಗಿಲ್ಲ. ಡಿಸ್ಕ್ ಇದ್ದಿದ್ರ ಗೆಳ್ಯಾಗ ಕೊಡ್ತಿದ್ರಿ, ಬ್ಯಾಸರಾದ್ರ ನನಗ ಮಾರತಿದ್ರಿ."

"ಕೊಡಾಕ ಬರಂಗಿಲ್ಲ, ಮಾರಾಕ ಬರಂಗಿಲ್ಲ. ಹಂಗಾರ ನಾ ಕೊಂಡಿದ್ದರ ಏನ ಬೇ?"

"ಆಡೂದು ಅಷ್ಟ ಕೊಂಡೀರ್ರಿ."

ಉಣ್ಣಬಹುದು, ಪಕ್ಕದವನಿಗೆ ತುತ್ತು ಕೊಡಬಾರದು. ಇಂಥ ವ್ಯಾಪಾರ ಎಲ್ಲಾದರೂ ಉಂಟೇ ಗುರಪ್ಪ?

ಮರುದಿನ ಮಧ್ಯಾಹ್ನ ನಾನು ನಿನ್ನ ಮನೆಗೆ ಬಂದ ಚಂದ ನೆನಪಿದೆಯಲ್ಲ! ಆಟ ಪೆಟ್ಟಿಗೆ ಬಿಟ್ಟು ಬರುವುದಿಲ್ಲವೇ? ಸರಿ, ಪೆಟ್ಟಿಗೆಯೇ ಬರಲಿ. ಪೆಟ್ಟು ತಾಗಬಾರದು ಅಂತ ಹೊಸ ಸೀರೆಯೊಂದನ್ನು ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಟಂಟಂ ಹತ್ತಿದೆ. ಪಕ್ಕದಲ್ಲಿದ್ದ ಮುದುಕಿ ಕೇಳಿದಳು: "ಮಗಳನ್ನ ಗಂಡನ ಮನಿಗಿ ಕಳಸಾಕ ಹೊಂಟೀಯೇನೋ ಯಪ್ಪಾ?"

"ಹೂಂ ಬೇ, ಅಳಿಯಾ ಕುಂಟ ಅದಾನ" ಅಂದೆ.

ಅವತ್ತು ನೀನು ಕೂತಲ್ಲೇ ತೊಡೆ ತಟ್ಟಿದ ಸಪ್ಪಳ ಬೀದಿಗೆ ಕೇಳಿಸಿರಬೇಕು. ಏಳು ಸಲ ನನ್ನನ್ನು ಚಿತ್ ಮಾಡಿದೆ. ಕಟ್ಟು ಹಾಕಿದ ಕಾಲು ಮಂಚದ ಮೇಲೆ ಹಾಗೇ ಇತ್ತು, ಮೇಲಿನ ಅರ್ಧ ಮಾತ್ರ ಗರಡಿಯಲ್ಲಿತ್ತು. ಸಂಜೆ ನಾನು ಪೆಟ್ಟಿಗೆಗೆ ಮತ್ತೆ ಸೀರೆ ಸುತ್ತುವಾಗ ನೀನು ನಕ್ಕೆ.

"ಇದಕ್ಕ ಕೊಡೂದು ಅಂತಾರೇನ್ಲೇ? ಆಟದ ಜೋಡಿ ನೀನೂ ಬಂದಿ, ಹೊಳ್ಳಿ ಹೊತಗೊಂಡೂ ಹೊಂಟಿ!"

ಆಮೇಲೂ ಎಷ್ಟು ಸಲ ಹೊತ್ತು ತಂದೆ. ನೀನು ಪ್ರತಿ ಸಲವೂ ಅದನ್ನೇ ಅಂದೆ. ನಾನು ನಕ್ಕೆ, ಆದರೆ ಆ ಮಾತು ಒಳಗೆ ಮುಳ್ಳಿನ ಹಾಗೆ ಉಳಿಯಿತು. ನೀನು ಕಣ್ಣು ಮುಚ್ಚಿದಾಗಲೂ ಅದೇ ಚುಚ್ಚುತ್ತಿತ್ತು... ಇರಲಿ ಬಿಡು.

ಈಗ ಸುದ್ದಿ ಕೇಳು. ಹೋದ ವಾರ ಸುನಂದಾ ನಿನ್ನ ಕಪಾಟು ತೆಗೆದಾಗ ಕರೆದಳು. "ಕಾಕಾ, ಇದು ನಿಮ್ಮದ ಡಬ್ಬಿ ಅಲ್ಲೇನ್ರಿ?" ಅದೇ ಕುಸ್ತಿ ಡಬ್ಬಿ. ತೆರೆದೆ. ಕೆಲಸಕ್ಕೆ ಬಾರದ ಆ ಕಾಗದ, ಅದರ ಕೆಳಗೆ ರಟ್ಟಿನ ಚೀಟಿ, ನಿನ್ನ ಅಕ್ಷರ. ಕೊಟ್ಟವನು ಬಸಪ್ಪ. ಒಯ್ದವನು ಗುರಪ್ಪ. ವಾಪಸಿನ ಜಾಗ ಖಾಲಿ.

ಬರೆದಿಟ್ಟುಕೊಂಡು ಬಾಯಿ ಬಿಡಲಿಲ್ಲವಲ್ಲೋ ಕಳ್ಳಾ! ನಾನು ಎಷ್ಟು ಜೋರಾಗಿ ನಕ್ಕೆನೆಂದರೆ, ಮುದುಕನಿಗೆ ಏನೋ ಆಯಿತು ಅಂತ ಸುನಂದಾ ನೀರು ತರಲು ಓಡಿದಳು. ಆ ಖಾಲಿ ಜಾಗದಲ್ಲಿ ನಾನು ಏನೂ ಬರೆಯುವುದಿಲ್ಲ. ಆಟ ನಿನ್ನ ಹತ್ತಿರವೇ ಇರಲಿ, ವಾಪಸು ಬೇಡ.

ಇನ್ನೊಂದು. ನಿನ್ನ ಕಾರಿನ ಡಿಸ್ಕನ್ನು ಸುನಂದಾ ನೀನು ಹೋದಾಗಲೇ ನನ್ನ ಹತ್ತಿರ ಬಿಟ್ಟಿದ್ದಳು. ಅದನ್ನು ಈಗ ಒಯ್ದವಳು ಯಾರು ಗೊತ್ತೇ? ಮಹಾಲಿಂಗಪುರದ ಅದೇ ಅಂಗಡಿಯ ಹೆಣ್ಣುಮಗಳು! ನಾಲ್ಕು ದಿನ ಅಂದವಳು ಎರಡು ವಾರ ಮಾಡಿದ್ದಾಳೆ. ನಾಳೆ ಮೊದಲ ಬಸ್ಸಿಗೆ ಹೋಗುತ್ತೇನೆ. ಚೀಟಿಯಲ್ಲಿ ಕೊಟ್ಟವನು ಅಂತ ನಿನ್ನ ಹೆಸರೇ ಇದೆ; ಬೈದು ತರುವ ಕೆಲಸ ಮಾತ್ರ ನನ್ನದು.

ನಿನ್ನ
ಬಸ್ಯಾ